ವಿದ್ಯಾದಾನದಲ್ಲಿ ಪಡೆಯುವವರ ಮಾತು

ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ದಾನಗಳು ನಾಲ್ಕು. ಇವುಗಳಲ್ಲಿ ಆಹಾರದಾನದ ವಿಧಿಯನ್ನು ವಾಚಕರು ಬಲ್ಲರು. ಮುನಿಗಳು ಮನಸ್ಸಿನಲ್ಲಿ ಒಂದು ನಿಯಮವನ್ನು ಧರಿಸಿ ಹೊರಡುತ್ತಾರೆ. ಅದು ಕೂಡಿಬಂದಲ್ಲಿ ಮಾತ್ರ ಆಹಾರವನ್ನು ಸ್ವೀಕರಿಸುತ್ತಾರೆ. ಶ್ರಾವಕನು ಎಷ್ಟೇ ಸಿರಿವಂತನಾಗಿರಲಿ, ದಾನದ ರೀತಿಯನ್ನು ನಿಶ್ಚಯಿಸುವವರು ಪಡೆಯುವವರೇ. ಶಾಲೆ ಕಟ್ಟಿಸುವಾಗ ಮಾತ್ರ ನಾವು ಈ ವಿನಯವನ್ನು ಮರೆಯುತ್ತೇವೆ. ನಕ್ಷೆಯನ್ನೂ ಸ್ಥಳವನ್ನೂ ನಾವೇ ಗೊತ್ತುಮಾಡಿ, ಗೋಡೆಯ ಮೇಲೆ ನಮ್ಮ ಹೆಸರನ್ನೂ ಕೆತ್ತಿಸುತ್ತೇವೆ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕೊರಗ ಸಮುದಾಯವನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ. ನನ್ನ ಅಂಗಡಿಯ ಧಾನ್ಯವು ಬಹುಕಾಲ ಅವರು ಹೆಣೆದ ಬುಟ್ಟಿಗಳಲ್ಲಿಯೇ ಇರುತ್ತಿತ್ತು. ತುಂಬುವುದು ಅಕ್ಕಿಯೋ ತೆಂಗಿನಕಾಯಿಯೋ ಎಂದು ಕೇಳಿ ತಿಳಿದ ಮೇಲೆಯೇ ಅವರು ಬಿಳಲನ್ನು ಆರಿಸುತ್ತಿದ್ದರು. ಅವರ ಮಕ್ಕಳ ಶಾಲೆಯ ವಿಷಯದಲ್ಲಿ ಅವರನ್ನು ಅಷ್ಟಾದರೂ ಕೇಳಿದವರು ವಿರಳ. ಕೊರಗರಿಗೆ ತಮ್ಮದೇ ಆದ ಭಾಷೆಯುಂಟು. ಅವರನ್ನು ಹೀನಾಯವಾಗಿ ನಡೆಸಿಕೊಂಡ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ರಾಜ್ಯವು ಕಾಯಿದೆಯನ್ನೇ ಮಾಡಬೇಕಾಯಿತು. ಅಂತಹ ನೆನಪುಳ್ಳ ಮನೆಯಿಂದ ಬರುವ ಮಗುವು ಎಲ್ಲಿ ಕೂರಬೇಕು, ಯಾರ ಪಕ್ಕದಲ್ಲಿ ಉಣ್ಣಬೇಕು ಎಂಬುದು ಗಾರೆ ಹೆಂಚುಗಳಿಗಿಂತ ದೊಡ್ಡ ಪ್ರಶ್ನೆ.

ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಸ್ಥಾಪಿಸಿದ ದಲಿತೋದ್ಧಾರ ಸಂಸ್ಥೆಯು ಅಕ್ಷರದೊಡನೆ ವಸತಿಯನ್ನೂ ಕಸುಬನ್ನೂ ಕೂಡಿಸಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ನಡುವೆ ವೈದ್ಯಸೇವೆಯಿಂದ ತೊಡಗಿ ಶಿಕ್ಷಣಕ್ಕೆ ಬಂದಿತು. ಮೊದಲು ನಂಬಿಕೆ, ಅನಂತರ ಶಾಲೆ ಎಂಬ ಕ್ರಮ ಇಲ್ಲಿ ಕಾಣುತ್ತದೆ. ದೂರದ ಕೀನ್ಯಾ, ತಾಂಜಾನಿಯಾಗಳ ಮಾಸಾಯಿ ಪಶುಪಾಲಕರಲ್ಲಿ ಮನೆ ಕಟ್ಟುವವರು ಹೆಂಗಸರು. ಅಲ್ಲಿ ತಾಯಂದಿರನ್ನು ಕೇಳದೆ ಶಾಲೆಯ ನಕ್ಷೆ ಬರೆಯುವುದೆಂದರೆ ಊರಿನ ಶಿಲ್ಪಿಗಳನ್ನೇ ಹೊರಗಿಟ್ಟಂತೆ.

ಹೀಗೆ ಕೇಳುತ್ತ ಕುಳಿತರೆ ಕೆಲಸ ಸಾಗುವುದೆಂತು ಎಂದು ವ್ಯಾಪಾರಿ ಮಿತ್ರರು ಆಕ್ಷೇಪಿಸಬಹುದು. ಕಾಲವ್ಯಯವಾಗುವುದು ನಿಜ, ಎಲ್ಲರೂ ಒಂದೇ ಮಾತು ಹೇಳುವುದೂ ಇಲ್ಲ. ಆದರೆ ಮಕ್ಕಳು ಬಾರದ ಕೊಠಡಿಗೆ ಹಾಕಿದ ಹಣವು ಲೆಕ್ಕದಲ್ಲಿಯೂ ನಷ್ಟವೇ. ಮಳೆಗಾಲದಲ್ಲಿ ಹೊಳೆ ದಾಟುವ ದಾರಿ ಯಾವುದು, ಹೆತ್ತವರು ಬಿಳಲಿಗಾಗಿ ಕಾಡಿಗೆ ಹೋದಾಗ ಮಗುವನ್ನು ನೋಡುವವರಾರು, ಅವರ ಭಾಷೆ ಬಲ್ಲ ಯುವಕ ಯುವತಿಯರು ಕಲಿಸಲು ಸಿಗುವರೇ ಎಂಬುದಕ್ಕೆ ಉತ್ತರ ನಮ್ಮ ಬಳಿ ಇಲ್ಲ, ಅವರ ಬಳಿ ಇದೆ.

ಶಾಲೆಗೆ ಹಣವನ್ನು ಸಂಕಲ್ಪಿಸಿರುವ ಬಂಧುಗಳು ಇಂಜಿನಿಯರರ ಬಳಿ ಹೋಗುವ ಮೊದಲು ಆ ಜನರ ಜಗಲಿಯಲ್ಲಿ ಕೆಲವು ಸಂಜೆ ಕುಳಿತು ಬರಲಿ. ಅವರು ಬೇಡವೆಂದುದನ್ನು ಕೈಬಿಡುವ ಸಿದ್ಧತೆಯೂ ದಾನದ ಅಂಗವೇ ಆಗಿದೆ.