ಭುಜದ ಮೇಲೊಂದು ಹೊಲಿಗೆ

ಬೆಂಗಳೂರಿನ ಮಳೆ ಹೆಚ್ಚಾಗಿ ಸಂಜೆಯ ಮಳೆ. ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಶಾಲೆಯ ಕೊನೆಯ ಗಂಟೆ ಬಾರಿಸುವ ಹೊತ್ತಿಗೆ ಬಸವನಗುಡಿಯ ಮೇಲೆ ಮೋಡ ಕವಿದಿರುತ್ತದೆ. ಮಕ್ಕಳು ನೆನೆಯುತ್ತಾರೆ, ಚೀಲ ನೆನೆಯುತ್ತದೆ, ಮರುದಿನ ರೆಕಾರ್ಡ್ ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಕೆಲವು ವರ್ಷಗಳ ಹಿಂದೆ, ಚಾಮರಾಜಪೇಟೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಒಂಬತ್ತನೇ ತರಗತಿಯ ಹುಡುಗನೊಬ್ಬ ಕೇಳಿದ: 'ಸಾರ್, ರೇನ್‌ಕೋಟಿನ ಬಟ್ಟೆ ವಾಟರ್‌ಪ್ರೂಫ್ ಅಂತಾರೆ. ಆದರೂ ಭುಜ ಮಾತ್ರ ಯಾಕೆ ನೆನೆಯುತ್ತೆ?'

ಇದು ಪಠ್ಯಪುಸ್ತಕದ ಪ್ರಶ್ನೆಯಲ್ಲ. ಆದರೆ ಉತ್ತರ ಪಠ್ಯಪುಸ್ತಕದಲ್ಲೇ ಇದೆ. ಕೆಸುವಿನ ಎಲೆಯ ಮೇಲೆ ನೀರು ಗುಂಡಾಗಿ ಉರುಳುವುದನ್ನು ಎಲ್ಲರೂ ನೋಡಿದ್ದೇವೆ. ನೀರಿನ ಕಣಗಳಿಗೆ ಎಲೆಗಿಂತ ತಮ್ಮತಮ್ಮಲ್ಲೇ ಸೆಳೆತ ಹೆಚ್ಚು. ಲೇಪ ಹಾಕಿದ ನೈಲಾನ್ ಬಟ್ಟೆಯಲ್ಲೂ ಹೀಗೆಯೇ. ಆದರೆ ಸೂಜಿ ಚುಚ್ಚಿದಲ್ಲಿ ಲೇಪ ಹರಿಯುತ್ತದೆ. ಹತ್ತಿಯ ದಾರವಾದರಂತೂ ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ನೀರನ್ನು ಒಳಕ್ಕೆ ಎಳೆಯುತ್ತದೆ. ತರಗತಿಯಲ್ಲಿ ಎರಡು ಲೋಟಗಳ ಬಾಯಿಗೆ ಒಂದೇ ಬಟ್ಟೆಯನ್ನು ಸ್ವಲ್ಪ ಕುಳಿಯಾಗುವಂತೆ ಕಟ್ಟಿದೆವು. ಒಂದರಲ್ಲಿ ಹೊಲಿಗೆಯಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಎರಡಕ್ಕೂ ನೀರು ಸುರಿದೆವು. ಪಾಠ ಮುಗಿಯುವಷ್ಟರಲ್ಲಿ ಹೊಲಿಗೆಯಿದ್ದ ಲೋಟದ ತಳದಲ್ಲಿ ನೀರು ನಿಂತಿತ್ತು.

ಈ ತೊಂದರೆ ಹಳೆಯದು. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ರಬ್ಬರನ್ನು ನ್ಯಾಫ್ತಾದಲ್ಲಿ ಕರಗಿಸಿ, ಎರಡು ಬಟ್ಟೆಗಳ ನಡುವೆ ಹಚ್ಚಿ, 1823ರಲ್ಲಿ ಪೇಟೆಂಟ್ ಪಡೆದ. ಬಟ್ಟೆಯೇನೋ ನೀರು ತಡೆಯಿತು. ದರ್ಜಿಗಳು ಅದನ್ನು ಹೊಲಿದಾಗ ಸೂಜಿಯ ತೂತುಗಳಲ್ಲಿ ಮಳೆ ಇಳಿಯಿತು! ನಮ್ಮ ಮಲೆನಾಡಿನವರು ಹೊಲಿಗೆಯ ಗೊಡವೆಗೇ ಹೋಗಲಿಲ್ಲ. ಕಂಬಳಿಯನ್ನು ಮಡಿಚಿ ಕೊಪ್ಪೆ ಮಾಡಿ ತಲೆಯ ಮೇಲಿಂದ ಇಳಿಬಿಟ್ಟರು. ನಾಟಿ ಮಾಡುವ ಹೆಂಗಸರು ಬಿದಿರು ಮತ್ತು ಎಲೆಗಳಿಂದ ಮಾಡಿದ ಗೊರಬನ್ನು ಬೆನ್ನಿಗೆ ಹಾಕಿಕೊಂಡರು. ಬಾಗಿ ದುಡಿಯುವವರಿಗೆ ಮಳೆ ಬೀಳುವುದು ತಲೆ ಮತ್ತು ಬೆನ್ನಿಗೆ. ಕೈಗಳು ಮಾತ್ರ ಬಿಡುವಾಗಿರಬೇಕು. ಎರಡರಲ್ಲೂ ಭುಜದ ಮೇಲೆ ಹೊಲಿಗೆಯಿಲ್ಲ.

ನಾವೇ ಒಂದು ಮಳೆಯಂಗಿ ಹೊಲಿಯೋಣವೆಂದೆ. ಆಗ ಅವನ ಗೆಳೆಯನೊಬ್ಬ, 'ಸಾರ್, ಇವರಮ್ಮ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡ್ತಾರೆ' ಎಂದ. ಹುಡುಗ ತಲೆ ತಗ್ಗಿಸಿದ. ಶಾಲೆಯ ಮಾಹಿತಿ ಪತ್ರದಲ್ಲಿ ತಾಯಿಯ ಉದ್ಯೋಗ 'ಗೃಹಿಣಿ' ಎಂದು ಬರೆದಿದ್ದವನು ಅವನು. ಪೋಷಕರ ಸಭೆಗೆ ಬಂದರೆ ಆ ತಾಯಿ ಬಾಗಿಲ ಬಳಿಯೇ ನಿಲ್ಲುತ್ತಿದ್ದರು. ಏನು ಕೇಳಿದರೂ, 'ನನಗೇನು ಗೊತ್ತಾಗುತ್ತೆ ಸಾರ್, ನೀವೇ ಹೇಳಿ' ಎಂಬುದೇ ಉತ್ತರ.

ಒಂದು ಭಾನುವಾರ ಅವರ ಮನೆಯಲ್ಲೇ ಕೆಲಸ ನಡೆಯಿತು. ಚಿಕ್ಕಪೇಟೆಯಿಂದ ತಂದ ಎರಡೂವರೆ ಮೀಟರ್ ಬಟ್ಟೆಯನ್ನು ಆಕೆ ಬೆಳಕಿಗೆ ಹಿಡಿದು ನೋಡಿದರು. 'ಗುಂಡುಸೂಜಿ ಬೇಡ ಸಾರ್, ಅದೂ ತೂತೇ' ಎಂದು, ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಅಂಚುಗಳನ್ನು ಹಿಡಿಸಿದರು. ಭುಜದ ಮೇಲೆ ಮಡಿಕೆ ಬರುವಂತೆ, ತೋಳು ಮತ್ತು ಮೈ ಒಂದೇ ತುಂಡಿನಲ್ಲಿ ಕತ್ತರಿಸಿದರು. ಹೊಲಿಗೆ ಉಳಿದದ್ದು ತೋಳಿನ ಕೆಳಗೆ, ಪಕ್ಕೆಯಲ್ಲಿ ಮತ್ತು ಟೋಪಿಯಲ್ಲಿ. ಪಾಲಿಯೆಸ್ಟರ್ ದಾರ, ದೂರದೂರ ಹೊಲಿಗೆ. ಅಂಚುಗಳನ್ನು ಜೀನ್ಸ್ ಪ್ಯಾಂಟಿನಲ್ಲಿರುವ ಹಾಗೆ ಒಂದರೊಳಗೊಂದು ಮಡಿಚಿದರು. ಜಿಪ್ಪಿನ ಮೇಲೆ ಎರಡು ಅಂಗುಲದ ಪಟ್ಟಿ. ಕೊನೆಯಲ್ಲಿ ಹೊಲಿಗೆಯ ಮೇಲೆ ಮೇಣದ ಬತ್ತಿ ಉಜ್ಜಿದರು. ನಾನು ಪಕ್ಕದಲ್ಲಿ ಕೂತು ಪ್ರತಿಯೊಂದಕ್ಕೂ ಕಾರಣ ಹೇಳುತ್ತಾ ಹೋದೆ. ಆಕೆಗೆ ಕೆಲಸ ಗೊತ್ತಿತ್ತು, ನನಗೆ ಕಾರಣ ಗೊತ್ತಿತ್ತು. ನಡುವೆ ಕೂತ ಹುಡುಗನಿಗೆ ಎರಡೂ ಸಿಕ್ಕವು. 'ಸೈಕಲ್ ತುಳಿದರೆ ಒಳಗೆ ಬೆವರುತ್ತೆ, ಕಂಕುಳಲ್ಲಿ ಗಾಳಿಗೆ ಜಾಗ ಬಿಡಮ್ಮ' ಎಂದು ಅವನೇ ಹೇಳಿದ.

ಮುಂದಿನ ವಾರದ ಮಳೆಯಲ್ಲಿ ಕತ್ತಿನ ಬಳಿ ತುಸು ಒದ್ದೆಯಾಯಿತು. ಭುಜಕ್ಕೆ ಒಂದು ಹನಿಯೂ ಇಳಿಯಲಿಲ್ಲ. ನನಗೆ ಅದಕ್ಕಿಂತ ಸಂತೋಷವಾದದ್ದು ಹತ್ತನೇ ತರಗತಿಯ ಆರಂಭದಲ್ಲಿ. ಮಾಹಿತಿ ಪತ್ರದಲ್ಲಿ ತಾಯಿಯ ಉದ್ಯೋಗದ ಎದುರು ಹುಡುಗ 'ಟೈಲರ್' ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದ.

'ಹೊಲಿಗೆ ಕಲಿತರೆ ಅಂಕ ಬರುತ್ತದೆಯೇ?' ಎಂದು ಕೆಲವು ತಂದೆತಾಯಿಯರು ಕೇಳುತ್ತಾರೆ. ಮೇಲ್ಮೈ ಎಳೆತ, ಲೋಮನಾಳ ಕ್ರಿಯೆ ಎಂಬ ಪದಗಳನ್ನು ಬಾಯಿಪಾಠ ಮಾಡಿದವರು ಪರೀಕ್ಷೆ ಮುಗಿದ ಮೇಲೆ ಮರೆಯುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಭುಜ ನೆನೆದು ಕಲಿತವರು ಮರೆಯುವುದಿಲ್ಲ. ವಿದ್ಯಾರ್ಥಿಗಳೇ, ಲೋಟದ ಪ್ರಯೋಗವನ್ನು ಮನೆಯಲ್ಲಿ ಮಾಡಿ ನೋಡಿ. ಅದಕ್ಕೂ ಮೊದಲು, ನಿಮ್ಮ ಅಪ್ಪ ಅಮ್ಮನ ಕೈಗೆ ಯಾವ ಕೆಲಸ ಗೊತ್ತಿದೆಯೆಂದು ಒಮ್ಮೆ ಕೇಳಿ.