ಹೊಸ ರೂಟರ್ ಕೊಳ್ಳುವ ಮೊದಲು

ಮನೆಯಲ್ಲೇ ಪ್ಲೆಕ್ಸ್ ಸರ್ವರ್ ಇಟ್ಟುಕೊಂಡವರಿಗೊಂದು ಮಾತು. ಸಿನಿಮಾ ನೋಡಲು ಕೂತರೆ ಸಲೀಸಾಗಿ ಓಡುತ್ತದೆ, ಅದನ್ನೇ ಡೌನ್‌ಲೋಡ್‌ಗೆ ಹಾಕಿದರೆ ಆಮೆನಡಿಗೆ. ಕೂಡಲೇ ಅಂಗಡಿಗೆ ಓಡಬೇಡಿ. ವೈ-ಫೈ ಬಿಟ್ಟು ಕೇಬಲ್ ಹಾಕಿ, ಮನೆಜಾಲದ ವೇಗ ಅಳೆಯುವ ಐಪರ್ಫ್3 ಓಡಿಸಿ ನೋಡಿ. ಗಿಗಾಬಿಟ್ ರೂಟರ್ ಇದ್ದೂ ವೇಗ 94 ಎಂಬಿಪಿಎಸ್ ಆಸುಪಾಸಿಗೇ ನಿಂತರೆ ಅನುಮಾನ ಕೇಬಲ್ ಮೇಲೆ. ಒಳಗಿನ ಎಂಟು ತಂತಿಗಳಲ್ಲಿ ಒಂದು ಕಡಿದರೂ ಸಂಪರ್ಕ ಸದ್ದಿಲ್ಲದೆ 100 ಎಂಬಿಪಿಎಸ್‌ಗೆ ಇಳಿಯಬಹುದು. ಆಗ ಸೆಕೆಂಡಿಗೆ ಸಿಗುವುದು ಹೆಚ್ಚೆಂದರೆ 12 ಎಂಬಿ, ಅಷ್ಟೇ. ಕೇಬಲ್ ಬದಲಿಸಿದರೆ ಮುಗಿಯಿತು.

ಡೌನ್‌ಲೋಡ್ ಗುಣಮಟ್ಟ 'ಒರಿಜಿನಲ್' ಎಂದಿದೆಯೇ, ಅದನ್ನೂ ನೋಡಿ. ಇಲ್ಲದಿದ್ದರೆ ಸರ್ವರ್ ಇಡೀ ವಿಡಿಯೊವನ್ನು ಹೊಸದಾಗಿ ಪರಿವರ್ತಿಸಬೇಕು. ಹಳೆಯ ಪ್ರೊಸೆಸರ್ ಅಲ್ಲೇ ಏದುಸಿರು ಬಿಡುತ್ತದೆ.

ಊರಾಚೆಯಿಂದ ಇಳಿಸಿಕೊಳ್ಳುವುದು ಬೇರೆಯೇ ಕಥೆ. ಅಲ್ಲಿ ಲೆಕ್ಕಕ್ಕೆ ಬರುವುದು ಮನೆಯ ಅಪ್‌ಲೋಡ್ ವೇಗ. ನಮ್ಮ ಎಷ್ಟೋ ಬ್ರಾಡ್‌ಬ್ಯಾಂಡ್‌ಗಳಿಗೆ ಸ್ವಂತ ಪಬ್ಲಿಕ್ ಐಪಿ ಇರುವುದಿಲ್ಲ, ಸಿಜಿ-ನ್ಯಾಟ್ ಹಿಂದೆ ಹತ್ತಾರು ಮನೆಗಳು ಒಂದೇ ವಿಳಾಸ ಹಂಚಿಕೊಂಡಿರುತ್ತವೆ. ನೇರ ದಾರಿ ಸಿಗದಾಗ ಪ್ಲೆಕ್ಸ್ ತನ್ನದೇ ಸರ್ವರ್‌ಗಳ ಮೂಲಕ ಹಾಯಿಸುವ ರಿಲೇ ಹಿಡಿಯುತ್ತದೆ. ಅದರ ಮಿತಿ, ಪ್ಲೆಕ್ಸ್ ಪಾಸ್‌ಗೆ ಹಣ ಕಟ್ಟಿದವರಿಗೂ, 2 ಎಂಬಿಪಿಎಸ್. ಎಂಥ ರೂಟರ್ ತಂದರೂ ಇದು ಏರದು. ಇಂಟರ್‌ನೆಟ್ ಕೊಡುವವರ ಹತ್ತಿರ ಪಬ್ಲಿಕ್ ಐಪಿ ಕೇಳಿ, ಸಿಗದಿದ್ದರೆ ಟೈಲ್‌ಸ್ಕೇಲ್ ಎಂಬ ವಿಪಿಎನ್ ಹಾಕಿ ನೋಡಿ.