ಹಸಿರು ಪಟ್ಟಿಯ ಸಿಲಿಂಡರು

ಅಮೆರಿಕದ ಭೂಪಟವನ್ನು ಒಮ್ಮೆ ನೋಡಿ. ಬಲಗಡೆಯ ಕೆಳಮೂಲೆಯಲ್ಲಿ ಹೆಬ್ಬೆರಳಿನ ಹಾಗೆ ಕಡಲಿಗೆ ಇಳಿದಿರುವ ರಾಜ್ಯವೇ ಫ್ಲಾರಿಡಾ. ಅದರ ತುದಿಯಿಂದ ಆಚೆಗೆ, ಸರ ಹರಿದು ಮಣಿ ಚೆಲ್ಲಿದಂತೆ ಪುಟ್ಟ ಪುಟ್ಟ ದ್ವೀಪಗಳು. ಮಯಾಮಿ ನಗರದಿಂದ ಕಾರಿನಲ್ಲಿ ಸುಮಾರು 100 ಕಿಲೋಮೀಟರು ದಕ್ಷಿಣಕ್ಕೆ ಬಂದರೆ ಸಿಗುವ ಮೊದಲ ದೊಡ್ಡ ಮಣಿ ಕೀ ಲಾರ್ಗೋ. ಮಗಳ ಮನೆಗೆ ಹೋದ ನೆಪದಲ್ಲಿ ಈ ಊರನ್ನು ನೋಡುವ ಯೋಗ ನನಗೆ ಬಂತು. ನಿಮಗೂ ಸ್ವಲ್ಪ ತೋರಿಸೋಣ ಅಂತ ಬರೆಯುತ್ತಿದ್ದೇನೆ.

ಊರು ಉದ್ದಕ್ಕಿದೆ, ಅಗಲಕ್ಕಿಲ್ಲ. ಒಂದು ಹೆದ್ದಾರಿ, ಅದರ ಎರಡೂ ಕಡೆ ಅಂಗಡಿಗಳು. ವಿಳಾಸ ಕೇಳಿದರೆ ಮೈಲಿಗಲ್ಲಿನ ನಂಬರು ಹೇಳುತ್ತಾರೆ. ಕೆಂಪು ಬಟ್ಟೆಯ ಮೇಲೆ ಓರೆಯಾಗಿ ಬಿಳಿ ಪಟ್ಟಿ ಇರುವ ಬಾವುಟ ಕಂಡರೆ ಅದು ಕಡಲಲ್ಲಿ ಮುಳುಗುವವರ ಅಂಗಡಿ ಎಂದು ತಿಳಿಯಿರಿ. 1960ರಲ್ಲಿ ಇಲ್ಲಿ ಕಡಲಿನೊಳಗೇ ಒಂದು ಉದ್ಯಾನ ಮಾಡಿದರು. ಅಮೆರಿಕದಲ್ಲಿ ಅಂಥದ್ದು ಇದೇ ಮೊದಲು. ಜಾನ್ ಪೆನೆಕ್ಯಾಂಪ್ ಉದ್ಯಾನ ಅಂತ ಹೆಸರು. ಹವಳದ ದಿಬ್ಬಗಳ ನಡುವೆ, ಸುಮಾರು 25 ಅಡಿ ನೀರಿನಲ್ಲಿ, ಎರಡೂ ಕೈ ಮೇಲೆತ್ತಿ ನಿಂತ ಏಸುವಿನ ಕಂಚಿನ ವಿಗ್ರಹವಿದೆ. ಅದನ್ನು ಇಳಿಸಿದ್ದು 1965ರಲ್ಲಿ. ಈಜು ಬಾರದ ನಮ್ಮಂಥವರಿಗೆ ತಳಕ್ಕೆ ಗಾಜು ಹಾಕಿದ ದೋಣಿಯೂ ಉಂಟು. ಸೀರೆಯ ನೆರಿಗೆ ನೆನೆಯದೆ ಮೀನುಗಳ ಮೆರವಣಿಗೆ ನೋಡಿ ಬರಬಹುದು!

ಇಷ್ಟೆಲ್ಲ ನೋಡಿಯೂ ನನ್ನ ಮನಸ್ಸಿನಲ್ಲಿ ನಿಂತದ್ದು ದೋಣಿಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ ಸಿಲಿಂಡರುಗಳು. ನಮ್ಮ ಅಡುಗೆ ಗ್ಯಾಸಿನ ಸಿಲಿಂಡರಿಗಿಂತ ಸಪೂರ. ಕೆಲವು ಬೋಳು; ಕೆಲವಕ್ಕೆ ಹಸಿರು-ಹಳದಿ ಪಟ್ಟಿ. ಯಾಕೆ ಈ ಭೇದ?

ನಾವೆಲ್ಲ ಇದನ್ನು ‘ಆಕ್ಸಿಜನ್ ಸಿಲಿಂಡರು’ ಅನ್ನುತ್ತೇವೆ, ಅಲ್ಲವೆ? ಆದರೆ ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಮೊದಲ ಸಲ ಮುಳುಗುವ ನಮ್ಮ ಮಕ್ಕಳ ಬೆನ್ನಿಗೆ ಕಟ್ಟುವುದು ನಾವು ನೀವು ಉಸಿರಾಡುವ ಗಾಳಿಯನ್ನೇ, ಒತ್ತಿ ತುಂಬಿರುತ್ತಾರೆ ಅಷ್ಟೆ. ಅದರಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ಉಳಿದದ್ದು ಬಹುಪಾಲು ಸಾರಜನಕ. ಆಳಕ್ಕೆ ಹೋದಷ್ಟೂ ನೀರಿನ ಒತ್ತಡಕ್ಕೆ ಈ ಸಾರಜನಕ ರಕ್ತದಲ್ಲಿ ಕರಗುತ್ತದೆ. ಹೆಚ್ಚು ಹೊತ್ತು ಇದ್ದು ದಿಢೀರನೆ ಮೇಲೆ ಬಂದರೆ, ಸೋಡಾ ಬಾಟಲಿ ತೆರೆದಾಗ ಆಗುತ್ತದಲ್ಲ, ಹಾಗೆ ಮೈಯೊಳಗೆ ಗುಳ್ಳೆ ಏಳುತ್ತವೆ. ಅದಕ್ಕೇ ಆಮ್ಲಜನಕವನ್ನು 32ಕ್ಕೋ 36ಕ್ಕೋ ಏರಿಸಿ, ಸಾರಜನಕ ಇಳಿಸಿದ ಗಾಳಿ ತುಂಬುತ್ತಾರೆ. ನೈಟ್ರಾಕ್ಸ್ ಅಂತ ಹೆಸರು. ಆಗ ಕೆಳಗೆ ಹೆಚ್ಚು ಹೊತ್ತು ಇರಬಹುದು. 1970ರ ದಶಕದಲ್ಲಿ ಅಮೆರಿಕದ ಸರಕಾರಿ ಕಡಲ ವಿಜ್ಞಾನಿಗಳು ಬಳಸುತ್ತಿದ್ದ ಈ ಗಾಳಿಯನ್ನು, ಆ ಇಲಾಖೆಯಿಂದ ನಿವೃತ್ತರಾದ ಡಿಕ್ ರುಟ್ಕೋವ್‌ಸ್ಕಿ ಎಂಬವರು 1985ರಿಂದ ಸಾಮಾನ್ಯ ಜನಕ್ಕೂ ಕಲಿಸತೊಡಗಿದರು. ಅವರ ನೆಲೆ ಇದೇ ಕೀ ಲಾರ್ಗೋ. ಮೊದಮೊದಲು ಹಲವರು ‘ದೆವ್ವದ ಗಾಳಿ’ ಅಂತ ಹೆದರಿದ್ದರಂತೆ.

ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಆಮ್ಲಜನಕ ಜಾಸ್ತಿಯಾದಷ್ಟೂ ಒಳ್ಳೆಯದಲ್ಲವೆ ಅಂತೀರಾ? ಅಲ್ಲೇ ಇರುವುದು ಅಪಾಯ. ಹೆಚ್ಚಿನ ಒತ್ತಡದಲ್ಲಿ ಆಮ್ಲಜನಕವೂ ವಿಷವೇ. 32ರ ಗಾಳಿಗೆ 111 ಅಡಿ, 36ರ ಗಾಳಿಗೆ 95 ಅಡಿ ಲಕ್ಷ್ಮಣರೇಖೆ. ದಾಟಿ ಹೋದರೆ ಯಾವ ಸೂಚನೆಯೂ ಇಲ್ಲದೆ ಫಿಟ್ಸ್ ಬರಬಹುದು; ಬಾಯಲ್ಲಿ ಕಚ್ಚಿಕೊಂಡ ಕೊಳವೆ ಕಳಚಿಬಿದ್ದರೆ ನೀರಿನೊಳಗೆ ಯಾರು ದಿಕ್ಕು? ಈ ಊರಿನ ಹತ್ತಿರ ಸ್ಪೀಗಲ್ ಗ್ರೋವ್ ಎಂಬ 510 ಅಡಿ ಉದ್ದದ ಹಳೆಯ ನೌಕಾಪಡೆಯ ಹಡಗನ್ನು 2002ರಲ್ಲಿ, ಮೀನುಗಳಿಗೆ ಮನೆಯಾಗಲಿ ಅಂತ ಬೇಕೆಂದೇ ಮುಳುಗಿಸಿದ್ದಾರೆ. ಅದರ ತಳ ಇರುವುದು ಸುಮಾರು 130 ಅಡಿ ಆಳದಲ್ಲಿ. ಹಡಗಿನ ಮೇಲಂತಸ್ತು ನೋಡಿ ಬರಲು ಅನುಕೂಲವಾದ ಗಾಳಿಯೇ, ತಳ ಮುಟ್ಟುವ ಆಸೆಪಟ್ಟವರ ಪ್ರಾಣಕ್ಕೆ ಸಂಚಕಾರ.

ಈ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಒಳಗೇನಿದೆ ಅಂತ ಹೇಳುವುದು ಹೊರಗಿನ ಗುರುತು ಮಾತ್ರ. ಅಲ್ಲಿನ ರೂಢಿ ಹೀಗೆ: ಸಿಲಿಂಡರು ಹಳದಿಯದಾದರೆ ಮೇಲ್ಭಾಗಕ್ಕೆ 4 ಅಂಗುಲದ ಹಸಿರು ಪಟ್ಟಿ. ಬೇರೆ ಬಣ್ಣದ್ದಾದರೆ ಆ ಹಸಿರಿನ ಮೇಲೂ ಕೆಳಗೂ ಒಂದೊಂದು ಅಂಗುಲ ಹಳದಿ, ಒಟ್ಟು 6 ಅಂಗುಲ. ಪಟ್ಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ನೈಟ್ರಾಕ್ಸ್ ಎಂದಿರುತ್ತದೆ. ಇದು ಶಾಶ್ವತ ಗುರುತು. ಇದಲ್ಲದೆ ಪ್ರತಿ ಸಲ ತುಂಬಿದಾಗಲೂ ಹೊಸ ಚೀಟಿ ಅಂಟಿಸಬೇಕು. ಆಮ್ಲಜನಕ ಎಷ್ಟು, ಎಷ್ಟು ಅಡಿಯವರೆಗೆ ಇಳಿಯಬಹುದು, ಅಳೆದ ತಾರೀಕು, ಅಳೆದವರ ಹೆಸರು, ಇಷ್ಟೂ ಅದರಲ್ಲಿರಬೇಕು. ಹಳೆಯ ಚೀಟಿಯನ್ನು ಕಿತ್ತು ಹಾಕಲೇಬೇಕು. ಚೀಟಿ ಇಲ್ಲದ ಸಿಲಿಂಡರನ್ನು ಯಾರೂ ಮುಟ್ಟುವುದಿಲ್ಲ. ಆದರೆ ಹಿಂದಿನ ಸಲದ ಚೀಟಿ ಉಳಿದಿದ್ದರೆ ನಂಬಿ ಇಳಿದುಬಿಡುತ್ತಾರೆ.

ನನ್ನ ಮಗಳು, ಅಳಿಯ ಇಬ್ಬರೂ ಈ ವಿದ್ಯೆ ಕಲಿತವರು. ಅಂಗಡಿಯಲ್ಲಿ ಅಂಗೈಯಗಲದ ಒಂದು ಮೀಟರು ಕೊಟ್ಟರು. ಮೊದಲು ಬರಿಯ ಗಾಳಿಯಲ್ಲಿ ಹಿಡಿದು 20.9 ತೋರಿಸುವಂತೆ ಸರಿಮಾಡಿಕೊಂಡರು. ಆಮೇಲೆ ಸಿಲಿಂಡರಿನ ಬಾಯನ್ನು ಸ್ವಲ್ಪವೇ ತಿರುಗಿಸಿ ಗಾಳಿ ಹಾಯಿಸಿದರು. ಅಳಿಯ ತನ್ನದನ್ನು ಮುಗಿಸಿ, “ನಿನ್ನದನ್ನೂ ನೋಡಿಬಿಡ್ತೀನಿ, ಕೊಡು” ಎಂದ. “ಬೇಡ, ನನ್ನದನ್ನು ನಾನೇ ನೋಡ್ತೀನಿ” ಎಂದಳು ಇವಳು. ಅವನದು 32 ಇತ್ತು. ಇವಳದು 33. ಒಂದೇ ಅಂಕೆ! ಆದರೂ ಚೀಟಿಯಲ್ಲಿ 111 ಅಡಿಯ ಬದಲು 107 ಅಂತ ಬರೆದು, ಹೆಸರು, ತಾರೀಕು ಹಾಕಿ, ಅಂಗಡಿಯ ಪುಸ್ತಕದಲ್ಲೂ ಸಹಿ ಮಾಡಿದಳು.

“ತುಂಬಿದವರು ನೀವು, ನೀವೇ ಬರೆದುಕೊಡಬಾರದೆ?” ಅಂತ ಅಂಗಡಿಯ ಹುಡುಗಿಯನ್ನು ಕೇಳಿದೆ. ಅವಳು ನಕ್ಕು, “ನೀರಿನೊಳಗೆ ಇದನ್ನು ಉಸಿರಾಡುವವಳು ನಾನಲ್ಲವಲ್ಲ, ಮೇಡಂ” ಎಂದಳು. ದೋಣಿ ಹೊರಟಮೇಲೆ ದಡದಲ್ಲಿ ಕುಳಿತ ತಾಯಿಯ ಮನಸ್ಸು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಆದರೆ ಆ 107ನ್ನು ಮಗಳೇ ಬರೆದದ್ದು ಕಣ್ಣಾರೆ ನೋಡಿದ್ದೆನಲ್ಲ, ಅಷ್ಟು ಧೈರ್ಯವಿತ್ತು.

ನೀವೂ ಹೋಗುವುದಾದರೆ ಒಂದು ಮಾತು: ಮುಳುಗಿ ಬಂದವರು ಅದೇ ದಿನ ವಿಮಾನ ಹತ್ತಬಾರದು. ಹಲವು ಸಲ ಮುಳುಗಿದ್ದರೆ ಕಡೇಪಕ್ಷ 18 ಗಂಟೆ ಬಿಡಬೇಕು. ಆ ಬಿಡುವಿನಲ್ಲಿ ಊರಿನ ಹೆಸರಾಂತ ಕೀ ಲೈಮ್ ಪೈ ತಿನ್ನಿ. ಸಣ್ಣ ನಿಂಬೆಯ ರಸ, ಗಟ್ಟಿ ಸಿಹಿಹಾಲು, ಮೊಟ್ಟೆಯ ಹಳದಿ ಸೇರಿಸಿ, ಬಿಸ್ಕತ್ತಿನ ಪುಡಿಯ ತಳದ ಮೇಲೆ ಮಾಡುವ ಸಿಹಿ ಅದು. ಮೊಟ್ಟೆ ತಿನ್ನದವರು ಕೇಳಿಕೊಂಡೇ ತಿನ್ನಿ.

ಇನ್ನು ನಮ್ಮ ಮನೆಯ ವಿಚಾರ. ಉಪ್ಪು, ಸಕ್ಕರೆಯ ಡಬ್ಬಿ ಅದಲುಬದಲಾದರೆ ಪಾಯಸ ಕೆಟ್ಟೀತು, ಅಷ್ಟೆ. ಆದರೆ ಬಚ್ಚಲು ತೊಳೆಯುವ ಆಸಿಡ್ಡನ್ನೋ ಫಿನಾಯಿಲನ್ನೋ ತಂಪು ಪಾನೀಯದ ಹಳೆಯ ಬಾಟಲಿಗೆ ತುಂಬಿಡುವ ಅಭ್ಯಾಸ ಎಷ್ಟು ಮನೆಗಳಲ್ಲಿಲ್ಲ? ಆ ಬಾಟಲಿಯ ಮೇಲೆ ಕಿತ್ತಳೆಹಣ್ಣಿನ ಚಿತ್ರ ಹಾಗೇ ಇರುತ್ತದೆ. ಅದೂ ಕೀಳದೆ ಬಿಟ್ಟ ಹಳೆಯ ಚೀಟಿಯೇ. ಬಾಯಾರಿ ಬಂದ ಮಗು ಓದುವುದು ಆ ಚಿತ್ರವನ್ನು. ಇಂಥವನ್ನು ಅವು ಬಂದ ಸೀಸೆಯಲ್ಲೇ, ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಈ ಪತ್ರಿಕೆ ಮಡಿಸಿಟ್ಟ ಮೇಲೆ ಬಚ್ಚಲ ಮೂಲೆಯನ್ನು ಒಂದು ಸಲ ನೋಡಿ ಬನ್ನಿ.